ಶಾರ್ಜಾದ ಸೋಮವಾರದ ಹಬ್ಬ

ಕನ್ಯಾನ,
ಏಪ್ರಿಲ್ 8, ಮಂಗಳವಾರ

ಪ್ರೀತಿಯ ಹಿಬಾಳ ಬಾಪನಿಗೆ, ನಿಮ್ಮ ಸಬೀಹಾಳ ಸಲಾಂ.

ಮೊದಲು ಆರೋಗ್ಯದ ಸಂಗತಿ. ನಿಮ್ಮ ಎದೆಯುರಿ ಹೇಗುಂಟು? ಖಾಲಿ ಹೊಟ್ಟೆಗೆ ಕಾಫಿ ಕುಡಿಯುವ ಅಭ್ಯಾಸ ಬಿಟ್ಟಿರಾ, ಇಲ್ಲ ಅಲ್ಲಿ ಹೇಳುವವರಿಲ್ಲ ಎಂದು ಎರಡು ಲೋಟ ಮಾಡಿದ್ದೀರಾ? ನಿಮ್ಮಲ್ಲಿ ಸೆಕೆ ಜೋರಿರಬೇಕು. ಇಲ್ಲಿಯೂ ಜೋರೇ. ನಿಮ್ಮ ಉಮ್ಮನಿಗೆ ಹಬ್ಬದ ಮರುದಿನ ಮಂಡಿನೋವು ಹೆಚ್ಚಾಗಿತ್ತು, ಈಗ ಕಡಿಮೆ. ಎಷ್ಟು ಕಡಿಮೆ ಎಂದರೆ ಕೂತಲ್ಲಿಂದಲೇ ಇಡೀ ಕನ್ಯಾನದ ಆಡಳಿತ ನಡೆಸುವಷ್ಟು. ಹಿಬಾ ಐದನೇ ಕ್ಲಾಸಿಗೆ ಪಾಸಾದಳು, ಕನ್ನಡದಲ್ಲಿ ಕ್ಲಾಸಿಗೇ ಮೊದಲು, ಗಣಿತದ ವಿಷಯ ನೀವೂ ಕೇಳಬೇಡಿ ನಾನೂ ಹೇಳುವುದಿಲ್ಲ. ಕೈಯಲ್ಲಿ ಫೋನಿರುವಾಗ ಇವಳಿಗೆ ಕಾಗದ ಬರೆಯುವ ಮರುಳು ಯಾಕೆ ಎಂದು ನೀವು ಯೋಚಿಸುತ್ತಿರಬಹುದು. ಫೋನಿನಲ್ಲಿ ಕಷ್ಟದ ಪ್ರಶ್ನೆ ಕೇಳಿದ ಕೂಡಲೇ ನಿಮ್ಮ ನೆಟ್‌ವರ್ಕ್ ಹೋಗುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ, ಕೊನೆಯವರೆಗೆ ಓದಲೇಬೇಕು.

ಅವಸರ ಏನೆಂದರೆ ನನ್ನ ತಮ್ಮ ರಿಝ್ವಾನ್. ಬಿ.ಕಾಂ. ಮುಗಿಸಿ ಅವನು ಮನೆಯಲ್ಲಿ ಕೂತ ಕಾಲ ನಿಮಗೆ ಗೊತ್ತಲ್ಲ. ಸರ್ಕಾರದ ಯುವನಿಧಿ ಹಣ ಬರುತ್ತಿತ್ತು, ಸುಳ್ಳು ಹೇಳಬಾರದು, ಅದರಿಂದ ಅವನ ಬಸ್ ಖರ್ಚು ಮತ್ತು ಅರ್ಜಿ ಖರ್ಚು ನಡೆಯುತ್ತಿತ್ತು. ಆದರೆ ಅದಕ್ಕಾಗಿ ಆಗಾಗ ಕಂಪ್ಯೂಟರ್ ಅಂಗಡಿಗೆ ಹೋಗಿ, ನನಗೆ ಈಗಲೂ ಕೆಲಸ ಸಿಕ್ಕಿಲ್ಲ ಎಂದು ಘೋಷಣೆ ಕೊಡಬೇಕಿತ್ತು. ವಿಟ್ಲದ ಅಂಗಡಿಯವನು ಒಮ್ಮೆ ಎಲ್ಲರ ಎದುರು, "ಎಂತ ರಿಝ್ವಾನ್, ಈ ಸಲವೂ ಇಲ್ವಾ ಮಾರಾಯ?" ಎಂದು ಕೇಳಿದ ಮೇಲೆ ಇವನು ಆ ಒಂದು ಸಾಲು ಒತ್ತಿ ಬರಲಿಕ್ಕೆ ಬಿ.ಸಿ.ರೋಡಿನವರೆಗೆ ಹೋಗುತ್ತಿದ್ದ. ಅಷ್ಟೆಲ್ಲ ಆಗಿ ತೋಡಾರಿನ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಮೂಡಬಿದ್ರೆಯಲ್ಲಿ ರೂಮು ಮಾಡಿದ್ದಾನೆ, ಮುಖದಲ್ಲಿ ಕಳೆ ಬಂದಿದೆ. ಈಗ ಆ ಕೆಲಸವನ್ನು ಬರುವ ಗುರುವಾರ ಬಿಡುತ್ತಾನಂತೆ! ಯಾಕೆಂದರೆ, "ಭಾವ ಶಾರ್ಜಾದಲ್ಲಿ ಅವರ ಕಂಪೆನಿಯಲ್ಲೇ ಒಂದು ಜಾಗ ನೋಡ್ತೇನೆ ಅಂದಿದ್ದಾರೆ ಅಕ್ಕ." ನೀವು ಹಾಗೆ ಹೇಳಿದ್ದು ಹೌದಾ? ಹೌದಾದರೆ ನನ್ನ ಪ್ರಶ್ನೆ ಒಂದೇ. ಯಾವ ಕಂಪೆನಿ?

ನನಗೆ ಸಂಶಯ ಹುಟ್ಟಿದ್ದು ಇವತ್ತು ನಿನ್ನೆ ಅಲ್ಲ. ಶಾರ್ಜಾದಲ್ಲಿ ನಿಮ್ಮ ಕೆಲಸದ ಹಳೆಯ ಗೋಡೌನ್ ಮುಚ್ಚಿದಾಗ ನೀವು ಅದೇ ದಿನ ಫೋನ್ ಮಾಡಿ ಹೇಳಿದ್ದಿರಿ, ನೆನಪುಂಟಾ? ಮಾರ್ಕೆಟ್ ಬಿದ್ದಿದೆ, ಕಟ್ಟಡದ ಕೆಲಸ ನಿಂತಿದೆ, ಆದರೆ ಹೆದರಬೇಡ ಸಬೀ, ಇಲ್ಲಿ ಕೆಲಸ ಹೋದವರಿಗೆ ವಿಮೆ ಉಂಟು, ಮೂರು ತಿಂಗಳು ಸಂಬಳದಲ್ಲಿ ಒಂದು ಪಾಲು ಕೊಡ್ತಾರೆ ಎಂದಿರಿ. ಆ ಮೂರು ತಿಂಗಳು ನೀವು ನನ್ನೊಡನೆ ಎಲ್ಲ ಮಾತಾಡಿದಿರಿ. ಎಲ್ಲಿ ಇಂಟರ್‌ವ್ಯೂ, ಯಾರು ಮುಖ ತಿರುಗಿಸಿದರು, ಯಾವ ಮಲಬಾರಿ ಹೋಟೆಲಿನವನು ಊಟಕ್ಕೆ ಹಣ ಬೇಡ ಎಂದ, ಎಲ್ಲವೂ. ವಿಮೆ ನಿಂತಿತು, ನಿಮ್ಮ ಮಾತೂ ನಿಂತಿತು. ಆಮೇಲೆ ರಜೆಯಲ್ಲಿ ಬಂದೆ ಎಂದು ಊರಿಗೆ ಬಂದಿರಿ. ಗಲ್ಫಿನಿಂದ ಬಂದವರಿಗೆ ಇಲ್ಲಿ ಕೇಳುವುದು ಎರಡೇ ಪ್ರಶ್ನೆಯಲ್ಲವಾ, ಯಾವಾಗ ಬಂದದ್ದು, ಯಾವಾಗ ಹೋಗುವುದು. ಮೊದಲನೆಯದಕ್ಕೆ ನೀವು ನಗುತ್ತಾ ಉತ್ತರ ಕೊಡುತ್ತಿದ್ದಿರಿ. ಎರಡನೆಯದನ್ನು ಕೇಳುವವರು ಹೆಚ್ಚಾದ ಹಾಗೆ ನೀವು ಪೇಟೆಗೆ ಹೋಗುವುದನ್ನು ಬಿಟ್ಟಿರಿ, ಆಮೇಲೆ ಶುಕ್ರವಾರ ಮಸೀದಿಯಲ್ಲಿ ಕೊನೆಯ ಸಾಲಿನಲ್ಲಿ ನಿಂತು ಮೊದಲು ಹೊರಗೆ ಬರತೊಡಗಿದಿರಿ. ಬೇಸಗೆಗೆ ಬಂದವರು ಮಳೆಗಾಲ ಮುಗಿದರೂ ಹೋಗಲಿಲ್ಲ. ಉಮ್ಮ ಬಾಗಿಲಲ್ಲಿ ಯಾರದಾದರೂ ಚಪ್ಪಲಿಯ ಶಬ್ದ ಕೇಳಿದರೆ ತಾನೇ ಮುಂಚಿತವಾಗಿ, "ವೀಸಾ ಬರಲಿಕ್ಕುಂಟು, ವೀಸಾ ಬರಲಿಕ್ಕುಂಟು," ಎನ್ನುತ್ತಿದ್ದರು.

ಕೊನೆಗೆ ಒಂದು ದಿನ ವೀಸಾ ಬಂತೆಂದಿರಿ. ಕಣ್ಣೂರಿನಿಂದ ವಿಮಾನ, ಟಿಕೇಟು ಕಡಿಮೆ, ಬಿಡಲಿಕ್ಕೆ ಯಾರೂ ಬರುವುದು ಬೇಡ ಎಂದಿರಿ. ಪ್ರತಿ ಸಲ ಜೀಪು ತುಂಬ ಜನ ಬಂದು ಅತ್ತು ಕರೆದು ಕಳಿಸಬೇಕಿತ್ತು ನಿಮಗೆ, ಈ ಸಲ ಬೆಳಿಗ್ಗೆ ಬಸ್ಸಿಗೆ ಹೊರಟಿರಿ. ಉಮ್ಮ ಒಣರೊಟ್ಟಿ, ಹಪ್ಪಳ, ಉಪ್ಪಿನಕಾಯಿ ಎಂದು ಬ್ಯಾಗು ಒಡೆಯುವಷ್ಟು ತುಂಬಿಸಿದರೆ ನೀವು ಒಮ್ಮೆಯೂ ತೂಕ ನೋಡಲಿಲ್ಲ. ವಿಮಾನಕ್ಕೆ ಹೋಗುವವನು ಬ್ಯಾಗು ತೂಗದೆ ಹೊರಡುತ್ತಾನಾ? ಆಗಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಆಮೇಲೆ ಫೋನು ಬಂದದ್ದು ವಾಟ್ಸಾಪಿನಲ್ಲಿ. ಆ ಊರಿನಲ್ಲಿ ಅದರಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ ಎಂದು ಬೇರೆ ಆಪ್ ಹಾಕಿಸಿ ಕೊಟ್ಟವರು ನೀವೇ. ಕೇಳಿದರೆ, "ಈಗ ಬಿಟ್ಟಿದ್ದಾರೆ," ಎಂದಿರಿ. ನೆರೆಮನೆಯ ಮೊಯಿದಿನಬ್ಬರ ಮಗ ಅದೇ ಶಾರ್ಜಾದಲ್ಲಿದ್ದಾನೆ, ಅವನಿಗೆ ಮಾತ್ರ ಬಿಟ್ಟಿಲ್ಲವಂತೆ. ನಿಮ್ಮ ರೂಮಿನ ವಿಳಾಸ ಕೊಡಿ, ಅವನು ಬಂದು ಕಾಣಲಿ ಎಂದರೆ, ರೂಮು ಬದಲಾಗುತ್ತಾ ಉಂಟು ಎಂದಿರಿ. ಹಿಂದೆ ಗರ್ ಗರ್ ಎಂದು ಕೇಳುವುದು ಏನೆಂದರೆ ಕಂಪೆನಿಯ ಮೆಷಿನ್ ಎಂದಿರಿ. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿರುವವಳಿಗೆ ಮಿಕ್ಸಿಯ ಶಬ್ದ ಗೊತ್ತಾಗುವುದಿಲ್ಲವಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿಮ್ಮದು.

ಆಮೇಲೆ ಆ ಆದಿತ್ಯವಾರ. ಗಲ್ಫಿನಲ್ಲಿ ಅವತ್ತು ಪೆರ್ನಾಳ್ ಹಬ್ಬ, ನಮಗಿಲ್ಲಿ ಕೊನೆಯ ಉಪವಾಸ. ಪ್ರತಿ ವರ್ಷ ಅವತ್ತು ನೀವು ನಮ್ಮ ಹೊಟ್ಟೆ ಉರಿಸುತ್ತಿದ್ದಿರಲ್ಲ, ನಾವು ಬಿರಿಯಾನಿ ತಿಂದು ಮಲಗಿ ಎದ್ದೆವು, ನಿಮಗೆ ಇನ್ನೂ ಚಂದ್ರ ಕಾಣಲಿಲ್ಲವಾ ಎಂದು. ಮೊಯಿದಿನಬ್ಬರ ಮಗ ಬೆಳಿಗ್ಗೆಯೇ ಹೊಸ ಅಂಗಿ ಹಾಕಿದ ಫೋಟೋ ಕಳಿಸಿದ್ದ. ನೀವು ಮಧ್ಯಾಹ್ನ ಫೋನ್ ಮಾಡಿ ಏನೆಂದಿರಿ? ಉಪವಾಸಕ್ಕೆ ಗಂಟಲು ಒಣಗಿದೆ ಸಬೀ, ಹೆಚ್ಚು ಮಾತಾಡಲಿಕ್ಕಾಗುವುದಿಲ್ಲ, ಇವತ್ತು ಚಂದ್ರ ಕಂಡರೆ ನಾಳೆ ಸೋಮವಾರ ಹಬ್ಬ ಎಂದಿರಿ. ಸ್ಪೀಕರ್ ಹಾಕಿದ್ದೆ. ಹಿಬಾ ನಕ್ಕು, "ಬಾಪ, ನಿಮ್ಮ ಶಾರ್ಜಾದಲ್ಲಿ ಇನ್ನೂ ಹಬ್ಬ ಆಗಲಿಲ್ವಾ?" ಎಂದು ಕೇಳಿದಳು. ನೆಟ್‌ವರ್ಕ್ ಹೋಯಿತು. ಅಲ್ಲಾಹನಾಣೆ, ನೀವು ಶಾರ್ಜಾದಲ್ಲಿಲ್ಲ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಉಮ್ಮ ನನ್ನ ಮುಖ ನೋಡಲಿಲ್ಲ, ಈರುಳ್ಳಿ ಹೆಚ್ಚುತ್ತಾ, "ಈ ವರ್ಷ ಅಲ್ಲಿಯೂ ಚಂದ್ರ ತಡ ಇರಬೇಕು," ಎಂದರು. ಅವರಿಗೂ ಗೊತ್ತಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡಿಕೊಳ್ಳುತ್ತಿದ್ದೇವೆ.

ಈಗ ನಾನು ಏನು ಯೋಚಿಸಿದೆ ಎಂದು ನೇರ ಬರೆಯುತ್ತೇನೆ, ನೀವು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಿ. ಇನ್ನೊಂದು ನಿಖಾ ಆಗಿದೆ ಎಂದುಕೊಂಡೆ. ಗಂಡಸು ಊರಲ್ಲೇ ಇದ್ದು ಪರದೇಶದಲ್ಲಿದ್ದೇನೆ ಎಂದರೆ ಹೆಂಗಸಿಗೆ ಬೇರೆ ಏನು ತೋಚುತ್ತದೆ? ಮಿಕ್ಸಿಯ ಶಬ್ದ ಬೇರೆ. ಯಾವಳೋ ನಿಮಗೆ ತೆಂಗಿನಕಾಯಿ ಅರೆದು ಬಡಿಸುತ್ತಿದ್ದಾಳೆ ಎಂದು ಎಣಿಸಿ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಆಮೇಲೆ ಫೋನ್ ಬಂದಾಗಲೆಲ್ಲ ನಿಮ್ಮ ಮಾತು ಬಿಟ್ಟು ಹಿಂದಿನ ಸದ್ದು ಕೇಳತೊಡಗಿದೆ. ಒಮ್ಮೆ ಒಬ್ಬ ಕಂಡಕ್ಟರ್, "ಧರ್ಮಸ್ಥಳ, ಧರ್ಮಸ್ಥಳ," ಎಂದು ಕೂಗಿದ. ಅದು ಬಿ.ಸಿ.ರೋಡಿನಲ್ಲೂ ಕೂಗುತ್ತಾರೆ, ಬೆಳ್ತಂಗಡಿಯಲ್ಲೂ ಕೂಗುತ್ತಾರೆ. ಶುಕ್ರವಾರ ಮಾತ್ರ ಇನ್ನೊಬ್ಬ, "ಚಾರ್ಮಾಡಿ, ಕೊಟ್ಟಿಗೆಹಾರ," ಎಂದ, ಅವನ ಬೆನ್ನಿಗೇ ಮತ್ತೊಬ್ಬ ಧರ್ಮಸ್ಥಳ ಎಂದ, ನಡುವೆ ಕಾಲೇಜು ಮಕ್ಕಳ ಗಲಾಟೆ. ಆ ಎರಡು ದಾರಿ ಬೇರೆಯಾಗುವುದು ಉಜಿರೆಯಲ್ಲಿ. ಶನಿವಾರ ಗುರುವಾಯನಕೆರೆಯ ರುಕಿಯಾ ಚಿಕ್ಕಮ್ಮನಿಗೆ ಹುಷಾರಿಲ್ಲ ಎಂದು ಉಮ್ಮನಿಗೆ ಸುಳ್ಳು ಹೇಳಿ, ಬುರ್ಖಾದ ಮೇಲೆ ಮುಖವನ್ನೂ ಮುಚ್ಚಿಕೊಂಡು ಹೊರಟೆ. ಆ ಹೆಂಗಸು ಸಿಕ್ಕಿದರೆ ಹೇಳಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ.

ಹೆಂಗಸು ಸಿಗಲಿಲ್ಲ, ನೀವು ಸಿಕ್ಕಿದಿರಿ. ಬಸ್‌ಸ್ಟ್ಯಾಂಡಿನ ಎದುರು ಜ್ಯೂಸ್ ಅಂಗಡಿಯಲ್ಲಿ ಏಪ್ರನ್ ಕಟ್ಟಿಕೊಂಡು ದಾಳಿಂಬೆ ಬಿಡಿಸುತ್ತಿದ್ದಿರಿ. ಹಾಸ್ಟೆಲಿನ ಹುಡುಗಿಯರು, "ಕಾಕಾ, ಐಸ್ ಬೇಡ, ಕಾಕಾ, ನನಗೆ ಸಕ್ಕರೆ ಕಡಿಮೆ," ಎನ್ನುತ್ತಿದ್ದರೆ ನೀವು ಯಾರಿಗೆ ಏನೆಂದು ಒಂದೂ ತಪ್ಪದೆ ಕೊಡುತ್ತಿದ್ದಿರಿ. ನನಗೆ ಮೊದಲು ಎಷ್ಟು ಸಮಾಧಾನವಾಯಿತೆಂದರೆ ರಸ್ತೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಆಮೇಲೆ ಸಿಟ್ಟು ಬಂತು. ದಾಟಿ ಬಂದು ನಾಲ್ಕು ಜನರ ಮುಂದೆ ಕೇಳುವಷ್ಟು ಸಿಟ್ಟು. ಅಷ್ಟರಲ್ಲಿ ನಿಮಗೆ ಫೋನು ಬಂತೆಂದು ಕಾಣುತ್ತದೆ, ನಂಬರು ನೋಡಿ ನೀವು ಅಂಗಡಿಯ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ ಮಾತಾಡಿದಿರಿ. ಬೆನ್ನು ಬಗ್ಗಿತ್ತು. ನನ್ನ ಫೋನಲ್ಲ, ಹಾಗಾದರೆ ಶಾರ್ಜಾದ ಕೆಲಸ ಕೇಳಲಿಕ್ಕೆ ಮಾಡಿದ ರಿಝ್ವಾನನದ್ದೇ ಇರಬೇಕು. ಆ ಬೆನ್ನು ನೋಡಿ ನನಗೆ ದಾಟಲಿಕ್ಕೆ ಕಾಲು ಬರಲಿಲ್ಲ, ಮುಂದಿನ ಬಸ್ಸಿಗೆ ಹತ್ತಿ ಬಂದೆ. ಬಿ.ಸಿ.ರೋಡಿನವರೆಗೂ ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು ಯಾರು ತೀರಿಹೋದರು ಎಂದು ಕೇಳಿದಳು.

ನೋಡಿ, ಕೆಲಸ ಹೋದದ್ದು ನಿಮ್ಮ ತಪ್ಪಲ್ಲ. ಜ್ಯೂಸ್ ಮಾಡುವುದು ಕಳ್ಳತನವೂ ಅಲ್ಲ. ಉಜಿರೆಯಿಂದ ಮನೆಗೆ ಶನಿವಾರ ಬಂದು ಸೋಮವಾರ ಹೋಗಬಹುದಿತ್ತು, ಹಿಬಾ ನಿಮ್ಮ ಹೆಗಲ ಮೇಲೆ ಇರುತ್ತಿದ್ದಳು. ಊರಿನವರ ಎರಡನೆಯ ಪ್ರಶ್ನೆಗೆ ಹೆದರಿ ನೀವು ನಮಗೆ ಹಬ್ಬವೇ ಇಲ್ಲದ ಹಾಗೆ ಮಾಡಿದಿರಿ. ಅದು ನನಗೆ ನೋವು, ಬಹಳ ನೋವು, ಆದರೆ ಅದನ್ನು ನಾನು ಸಹಿಸಬಲ್ಲೆ. ರಿಝ್ವಾನನದ್ದು ಹಾಗಲ್ಲ. ನಿಮಗೆ ಇಲ್ಲ ಎನ್ನಲಿಕ್ಕೆ ಬಾಯಿ ಬರಲಿಲ್ಲ, ನೋಡುವ ಎಂದಿರಬೇಕು. ಅವನಿಗೆ ನಿಮ್ಮ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಗುರುವಾರ ಕೆಲಸ ಬಿಟ್ಟರೆ ಅಂಗಡಿಯವರು ಶುಕ್ರವಾರ ಇನ್ನೊಬ್ಬನನ್ನು ಕೂರಿಸುತ್ತಾರೆ. ಆಮೇಲೆ ಮತ್ತೆ ಅವನು ಕಂಪ್ಯೂಟರ್ ಅಂಗಡಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾ? ಬೇಕಾರ್ ಎಂಬ ಹೆಸರಿಗೆ ನೀವು ಎಷ್ಟು ಹೆದರಿದಿರಿ ಎಂದು ನಿಮಗೇ ಗೊತ್ತು. ಅದೇ ಹೆಸರನ್ನು ಆ ಹುಡುಗನಿಗೆ ಮತ್ತೆ ಅಂಟಿಸಬೇಡಿ. ನಾನು ಹೇಳಿದರೆ ಅವನು ನಂಬುವುದಿಲ್ಲ, ಅಕ್ಕನಿಗೆ ಸಂಶಯದ ರೋಗ ಎನ್ನುತ್ತಾನೆ. ಕೆಲಸ ಬಿಡಬೇಡ ಎಂದು ಹೇಳಿಯೂ ಆಯಿತು. ನಿಮ್ಮ ಬಾಯಿಂದಲೇ ಬರಬೇಕು.

ಉಮ್ಮ ನಿಮಗೆ ದುಆ ಹೇಳಿದ್ದಾರೆ. ನಾನು ಯಾರಿಗೆ ಬರೆಯುತ್ತಿದ್ದೇನೆ ಎಂದು ಅವರು ಕೇಳಲಿಲ್ಲ, ಲೈಟು ಹಾಕಿ ಹೋದರು. ಹಿಬಾ ಮುತ್ತು ಕೊಟ್ಟಿದ್ದಾಳೆ, ಗಣಿತದ ಬಗ್ಗೆ ಬರೆಯಬೇಡ ಎಂದಿದ್ದಾಳೆ. ಅಲ್ಲಾಹನು ನಿಮ್ಮನ್ನು ಎಲ್ಲಿದ್ದರೂ, ನಿಜವಾಗಿ ಎಲ್ಲಿದ್ದೀರೋ ಅಲ್ಲಿಯೇ, ಕಾಪಾಡಲಿ.

ಎಷ್ಟು ಸಿಟ್ಟಿದ್ದರೂ ನಿಮ್ಮವಳೇ ಆದ
ಸಬೀಹಾ

ಉಜಿರೆ, ಬುಧವಾರ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಅವಸರದಲ್ಲಿ: ಈ ಕಾಗದ ತಂದುಕೊಟ್ಟ ಕಾಲೇಜು ಹುಡುಗಿಗೆ ಏನೂ ಗೊತ್ತಿಲ್ಲ, ಅವಳನ್ನು ವಿಚಾರಿಸಬೇಡಿ. ತಲೆ ಎತ್ತಿ ಎದುರು ನೋಡಿ, ನಾನು ಬೆಂಚಿನ ಮೇಲೆ ಇದ್ದೇನೆ, ಮುಖ ಮುಚ್ಚಿಲ್ಲ. ಪಕ್ಕದಲ್ಲಿ ರಿಝ್ವಾನ್. ಭಾವನ ಕಂಪೆನಿಯವರು ಉಜಿರೆಯಲ್ಲೇ ಸಿಗುತ್ತಾರೆ, ತೋರಿಸುತ್ತೇನೆ ಬಾ ಎಂದು ರಜೆ ಹಾಕಿಸಿ ಕರೆದುಕೊಂಡು ಬಂದಿದ್ದೇನೆ, ಹುಡುಗ ಇಸ್ತ್ರಿ ಅಂಗಿ ಹಾಕಿ ಬಂದಿದ್ದಾನೆ, ರಾಜೀನಾಮೆ ಅವನ ಜೇಬಿನಲ್ಲೇ ಉಂಟು. ಅವನಿನ್ನೂ ನಿಮ್ಮನ್ನು ನೋಡಿಲ್ಲ. ರಸ್ತೆ ದಾಟಿ ನೀವೇ ಬಂದು ಹೇಳಿ. ಬರುವಾಗ ಅಂಗಡಿಯ ಆ ಏಪ್ರನ್ ಬಿಚ್ಚಿಡಬೇಡಿ, ಹಾಗೆಯೇ ಬನ್ನಿ.