ಕಡಿದ ಮೂಲೆ

ಆಗಸ್ಟ್ 4, ಸೋಮವಾರ

ಪ್ಲೇಟು ತಿರುಗಿಸಿ ಇಟ್ಟವನು ನಾನೇ. ಹೋದ ವರ್ಷ ಮಾರ್ಚಿನಲ್ಲಿ. ಹದಿನೇಳನೆಯ ಪ್ಲೇಟು. ಗಡ್ಡೆಯ ಮಾದರಿಗಳನ್ನು ಹನಿಹನಿಯಾಗಿ ತುಂಬುವ ಪ್ಲಾಸ್ಟಿಕ್ ತಟ್ಟೆ, ಅದರ ಒಂದು ಮೂಲೆ ಕಡಿದಿರುತ್ತದೆ. ಆ ಮೂಲೆ ಎಡಗಡೆ ಮೇಲೆ ಬರಬೇಕು, ಬಲಗಡೆ ಕೆಳಗಿತ್ತು. ತೊಂಬತ್ತಾರು ಗುಳಿಗಳೂ ತುಂಬಿದ ಮೇಲೆ ಕಂಡಿತು. ಸುಮ್ಮನಾದೆ. ಹತ್ತನೇ ತರಗತಿ ಬಿಟ್ಟವನು, ಸೇರಿ ಎರಡೇ ತಿಂಗಳು... ಇದು ನೆಪವಲ್ಲ. ಅಲ್ಲ, ನೆಪವೇ.

ಇವತ್ತು ಮುನ್ನೂರು ಟ್ಯೂಬು ಫ್ರೀಜರಿಗೆ. ಬೆರಳು ಮರಗಟ್ಟಿವೆ.

ಆಗಸ್ಟ್ 6

ಲ್ಯಾಬಿನಲ್ಲಿ ಲ್ಯಾಮಿಂಗ್ಟನ್ ಕೇಕು ಹಂಚಿದರು. ವಾಸ್ ಪ್ರಬಂಧ ಅಚ್ಚಾಗಿದೆ. ವಾಸ್ ಅಂದರೆ ಡಾ. ವಾಸಿಲಿಕಿ ಕರಾಸ್ ಮೇಡಂ, ನನ್ನ ಬಾಸ್. ಹನ್ನೊಂದು ವರ್ಷ ಅಂಡಾಶಯದ ಕ್ಯಾನ್ಸರಿನ ಜೀನು ಓದಿದ ಮೇಲೆ ಮೊದಲ ಸಲ ಹೆಸರು. ಗಡ್ಡೆಯ ಜೀನಿನಲ್ಲಿ ಒಂದು ಗುರುತಿದ್ದರೆ ಮದ್ದು ನಾಟುತ್ತದೆ ಎಂದು ಎಲ್ಲರೂ ನಂಬಿದ್ದರು. ನಾಟುವುದಿಲ್ಲ ಎಂದು ವಾಸ್ ತೋರಿಸಿದ್ದಾರೆ. ಸೆಪ್ಟೆಂಬರಿನಿಂದ ಆಸ್ಪತ್ರೆಯಲ್ಲಿ ಪ್ರಯೋಗ. ಗುರುತಿದ್ದವರಿಗೆ ಆ ಮದ್ದು ನಿಲ್ಲಿಸುತ್ತಾರೆ.

ತೋರಿಸಿದ್ದು ಹದಿನೇಳನೆಯ ಪ್ಲೇಟು. ಅದರ ಮೇಲರ್ಧ ಮದ್ದು ನಾಟಿದವರದು, ಕೆಳಗರ್ಧ ನಾಟದವರದು; ನಾನು ತಿರುಗಿಸಿದ್ದರಿಂದ ಎರಡೂ ಅದಲುಬದಲು. ಎಲ್ಲರೂ ಹೆಂಗಸರು. ಮಾದರಿ ಬದಲಾಗಿದೆಯೇ ಎಂದು ಗಂಡು-ಹೆಣ್ಣು ತಾಳೆ ನೋಡುವ ತಪಾಸಣೆಯಲ್ಲೂ ತಪ್ಪು ಸಿಕ್ಕಿಬೀಳಲಿಲ್ಲ.

ಫ್ರೀಜರು ನೋಡಿಕೊಳ್ಳುವ ತೆವಿತಾ ಕೆಣಕಿದ: "ಏನ್ ಪ್ರೊಫೆಸರ್ರೇ, ಮುಖ ಯಾಕೆ ಹಾಗೆ? ಯಾರಾದ್ರೂ ಪರೀಕ್ಷೆ ಇಟ್ರಾ?"

ಎರಡನೇ ತುಂಡೂ ತಿಂದೆ. ರುಚಿ ತಿಳಿಯಲಿಲ್ಲ.

ಆಗಸ್ಟ್ 29, ಶುಕ್ರವಾರ

ಬೆಳಿಗ್ಗೆ ಹೇಳಿಬಿಟ್ಟೆ. ವಾಸ್ ಕೈಯಲ್ಲಿ ಕಾಫಿ ಇತ್ತು. ಬೈಯಲಿಲ್ಲ.

"ಮೂಲೆ ಯಾವ ಕಡೆ ಇತ್ತು?"

"ಬಲಕ್ಕೆ. ಕೆಳಗೆ."

"ಖಂಡಿತಾನಾ?"

"ಅವತ್ತೇ ಗೊತ್ತಿತ್ತು."

"ಸೋಮವಾರದಿಂದ ಇಪ್ಪತ್ತು ಜನಕ್ಕೆ ಮದ್ದು ನಿಲ್ಲಿಸೋರಿದ್ರು ಕಣೋ."

ಫೋನ್ ಹಿಡಿದು ಹೊರಗೆ ಹೋದರು. ಕಾಫಿ ನನ್ನ ಮುಂದೆ ತಣ್ಣಗಾಯಿತು.

ಸೆಪ್ಟೆಂಬರ್ 18

ಉಳಿದಿದ್ದ ಮಾದರಿಗಳನ್ನು ಮತ್ತೆ ತುಂಬಿದೆ. ಅದೇ ಕೈ. ತೆವಿತಾ ಹಿಂದೆ ನಿಂತು ಮೂಲೆ ನೋಡುತ್ತಿದ್ದ, ತಮಾಷೆ ಮಾಡಲಿಲ್ಲ. ಫಲಿತಾಂಶ ಪೂರ್ತಿ ತಲೆಕೆಳಗು. ಎಲ್ಲರೂ ನಂಬಿದ್ದೇ ನಿಜ. ಹೊಸದೇನೂ ಇಲ್ಲ. ಪ್ರಯೋಗ ನಿಂತಿತು. ಪ್ರಬಂಧವನ್ನು ವಾಸ್ ಪತ್ರಿಕೆಗೆ ಪತ್ರ ಬರೆದು ವಾಪಸ್ ತೆಗೆದುಕೊಂಡರು.

ಆ ಪತ್ರದಲ್ಲಿ ನನ್ನ ಹೆಸರು ಹಾಕಿ ಅಂದೆ.

"ಅರ್ಧ ಅರ್ಧ ಜೋಡಿಸು ಅಂದೋಳು ನಾನು. ನಾಟಿದವರ್ದು ನಾಟದವರ್ದು ಅಲ್ಲಲ್ಲಿ ಬೆರೆಸಿ ಇಡಿಸಬೇಕಿತ್ತು. ನಿನ್ನ ಹೆಸರು ತಗೊಂಡು ಯಾರು ಏನ್ ಮಾಡ್ತಾರೆ?"

ಮತ್ತೆ ಕೇಳಿದೆ. ಹಾಕಲಿಲ್ಲ.

ಅಕ್ಟೋಬರ್ 23, ಗುರುವಾರ

ಜಕರಾಂಡ ಮರಗಳು ನೇರಳೆ ಹೂ ಬಿಟ್ಟಿವೆ. ಅಂದರೆ ಬ್ರಿಸ್ಬೇನಿನ ಮಕ್ಕಳಿಗೆಲ್ಲ ಪರೀಕ್ಷೆ ಕಾಲ. ವಾಸ್ ಸಂಬಳ ಅನುದಾನದ್ದು — ಅನುದಾನ ಮುಂದುವರಿಯಲಿಲ್ಲ. ನನ್ನದು ಸಂಸ್ಥೆಯದು, ಜೂನಿನಲ್ಲಿ ಕಾಯಂ ಆಗಿದೆ. ತಪ್ಪು ಮಾಡಿದವನ ಕೆಲಸ ಉಳಿದಿದೆ. ಬಿಡುತ್ತೇನೆ ಅಂದರೆ ತೆವಿತಾ, "ಬಿಟ್ರೆ ಅವರ ಕೆಲಸ ವಾಪಸ್ ಬರುತ್ತಾ, ಮಾರಾಯಾ?" ಅಂದ.

ವಾಸ್‌ಗೆ ದೂರದ ಟೌನ್ಸ್‌ವಿಲ್‌ನಲ್ಲಿ, ರಕ್ತ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಮಧ್ಯಾಹ್ನ ನನ್ನ ಬೆಂಚಿಗೆ ಬಂದು ಕೂತರು. ಹೊಸ ಪ್ಲೇಟುಗಳ ಕಡಿದ ಮೂಲೆಗೆ ಒಂದೊಂದಾಗಿ ಕಪ್ಪು ಚುಕ್ಕೆ ಇಟ್ಟರು. ಒಂದು ಪೆಟ್ಟಿಗೆ ಮುಗಿದ ಮೇಲೆ ಪೆನ್ನು ನನ್ನ ಕೈಗೆ ಕೊಟ್ಟರು. ಉಳಿದವಕ್ಕೆ ನಾನಿಟ್ಟೆ.

ವಾಸ್ ನಾಳೆ ಹೊರಡುತ್ತಾರೆ.