ಗಾಜಿನ ತಟ್ಟೆಯ ಮೇಲೆ ತೂರಾಡಿದ ತೋಟಾ

ಷೆರಿಡನ್, ವಯೋಮಿಂಗ್
ಶುಕ್ರವಾರ ಬೆಳಿಗ್ಗೆ

ಮುದ್ದಿನ ಮಗಳು ಕೊರಿನ್‌ಗೆ,

ನಿನ್ನ ಅಪ್ಪನಾದ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಅಮ್ಮ ಕುದುರೆಗಳಿಗೆ ಹುಲ್ಲು ಹಾಕಲು ಹೋದ ಸಮಯ ಸಾಧಿಸಿ, ಅವಳ ಗಾಜಿನ ಕೇಕ್ ತಟ್ಟೆಯನ್ನು ಅಪಹರಿಸಿ ಗ್ಯಾರೇಜಿಗೆ ಸಾಗಿಸಿದ್ದೇನೆ. ಮಾಲು ಸಮೇತ ಸಿಕ್ಕಿಬಿದ್ದದ್ದೂ ಆಯಿತು. "ಏನ್ರೀ ಇದು, ನನ್ ತಟ್ಟೇಲಿ ತೋಟಾ ಬಡಿಸಿದೀರಲ್ಲ, ಊಟಕ್ಕೆ ಯಾರ್ ಬರ್ತಿದಾರೆ?" ಎಂದಳು.

ನಗಬೇಡ. ಮುಂದೆ ಓದುವ ಮೊದಲು ನಾನು ಮನೆಯಲ್ಲೇ ಮದ್ದು ತುಂಬಿ ಕಟ್ಟಿಕೊಟ್ಟ ತೋಟಾಗಳ ಡಬ್ಬಿಯನ್ನು ಮುಚ್ಚಿ ಗಾಡಿಯೊಳಗೆ ಇಡು. ನಾಳೆಯ ಪಂದ್ಯದಲ್ಲಿ ಅವುಗಳಲ್ಲಿ ಒಂದನ್ನೂ ಹಾರಿಸಕೂಡದು. ಇಟ್ಟೆಯಾ? ಈಗ ಓದು.

ತೋಟಾದ ಬುಡದಲ್ಲಿ, ಪೆಟ್ಟು ಬಿದ್ದೊಡನೆ ಸಿಡಿದು ಮದ್ದಿಗೆ ಕಿಡಿ ಹತ್ತಿಸುವ ಕೇಪು ಕೂರಿಸುವಾಗ ಅದು ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಇಳಿದಿರಬೇಕು. ಮಿಕ್ಕವರು ಅಳತೆಯ ಸಾಧನ ಇಟ್ಟು ನೋಡುತ್ತಾರೆ, ನಾನು ಹೆಬ್ಬೆರಳು ಸವರಿ ಹೇಳುತ್ತೇನೆ. ಊರಲ್ಲಿ ಗುಂಡು ಹಾಕುವವರು ಬೇಕಾದಷ್ಟಿದ್ದಾರೆ, ಗುಂಡು ಕಟ್ಟುವುದರಲ್ಲಿ ಮಾತ್ರ ಈ ಹೆಬ್ಬೆರಳಿಗೆ ಸಾಟಿಯಿಲ್ಲ ಎಂದು ನಿನ್ನ ಗೆಳತಿಯರೆದುರು ಮೊನ್ನೆ ಕೊಚ್ಚಿಕೊಂಡೆನಲ್ಲ.

ನೀನು ಹೊರಟ ಮೇಲೆ, ಮಿಕ್ಕಿದ್ದ ತೋಟಾಗಳನ್ನು ನನ್ನ ಹಳೆಯ ಬಂದೂಕಿಗೆ ಹಾಕಲು ಹೋದೆ. ಒಂದನ್ನು ಒಳಗಿಟ್ಟು, ಅದರ ಹಿಂದೆ ಅಗುಳಿಯಂತೆ ಕೂರುವ ಬೋಲ್ಟ್ ಮುಚ್ಚುವಾಗ ಅಂಗೈಗೆ ಏನೋ ತಡೆದಂತಾಯಿತು. ಹೊರಗೆ ತೆಗೆದೆ. ಆಮೇಲೆ ಅಮ್ಮನ ತಟ್ಟೆಯ ಮೇಲೆ ಒಂದೊಂದನ್ನೂ ನಿಲ್ಲಿಸಿದೆ. ಹೆಚ್ಚಿನವು ಸಿಪಾಯಿಗಳಂತೆ ನಿಂತವು. ಕೆಲವು ಮಾತ್ರ ಬಾರಿನಿಂದ ಮನೆಗೆ ಹೊರಟ ನಮ್ಮ ಪಕ್ಕದ ಮನೆಯ ಹಾರ್ಲನ್ನನಂತೆ ತೂರಾಡಿದವು. ಅವುಗಳ ಕೇಪು ಮಟ್ಟಕ್ಕಿಂತ ಹೊರಗೆ ಉಬ್ಬಿಕೊಂಡಿತ್ತು. ನಿನ್ನ ಡಬ್ಬಿಯೂ ಅದೇ ದಿನ ಕಟ್ಟಿದ್ದು.

ನನ್ನ ಬಂದೂಕಿನ ಬೋಲ್ಟನ್ನು ನಾನೇ ಕೈಯಾರೆ ಮುಚ್ಚುತ್ತೇನೆ, ಬಿಗಿಯಾದರೆ ಬಿಡುತ್ತೇನೆ. ನಿನ್ನದು ಸೆಮಿ ಆಟೊಮ್ಯಾಟಿಕ್. ಒಂದು ಹಾರಿದ್ದೇ ತಡ, ಮುಂದಿನದನ್ನು ತಾನೇ ಒಳಗೆ ತಳ್ಳಿ ಧಡ್ ಎಂದು ಬಡಿದು ಮುಚ್ಚಿಕೊಳ್ಳುತ್ತದೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಉಬ್ಬಿದ ಕೇಪಾದರೆ ಪೂರ್ತಿ ಮುಚ್ಚುವ ಮೊದಲೇ ಸಿಡಿದೀತು. ಆ ಹೊತ್ತಿಗೆ ಅದಕ್ಕೆ ಒರಗಿರುವುದು ನಿನ್ನ ಕೆನ್ನೆ.

ನಿನ್ನ ಶಿಬಿರವಿರುವ ಬೆಟ್ಟದಲ್ಲಿ ಫೋನ್ ಸಿಗುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ. ಪುಣ್ಯಕ್ಕೆ ಹಾರ್ಲನ್ ಪಂದ್ಯ ನೋಡಲು ಇಂದೇ ಹೊರಟಿದ್ದಾನೆ. ಪತ್ರವನ್ನು ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸಿಕೊಂಡೆ. ವಿಷಯ ಕೇಳಿದ ಮೇಲೆ ಅವನು ತಮಾಷೆಯನ್ನೂ ಮಾಡಲಿಲ್ಲ. "ವೆಂಡೆಲ್, ಆ ಹೆಬ್ಬೆಟ್ಟಿಗೆ ಇನ್ನು ರಜಾ ಕೊಡಪ್ಪ" ಎಂದಷ್ಟೇ ಹೇಳಿದ. ಹಾರ್ಲನ್ ತಮಾಷೆ ಮಾಡದಿದ್ದರೆ ನನಗೆ ಇನ್ನಷ್ಟು ಭಯ.

ಅವನ ಕೈಯಲ್ಲಿ ಅಂಗಡಿಯ ತೋಟಾ ಕಳಿಸಿದ್ದೇನೆ. ಹೌದು, ನಾನೇ ಹೋಗಿ ಕೊಂಡೆ. ಯಾರಿಗೆ ಎಂದು ಅಂಗಡಿಯವನು ಕೇಳಿದಾಗ, ನೆಂಟರೊಬ್ಬರಿಗೆ ಎಂದೆ. ಇವು ನಿನ್ನ ಬಂದೂಕಿಗೆ ಹೊಸವು, ಗುರಿ ಅತ್ತಿತ್ತ ಹೋದೀತು. ವರ್ಷವಿಡೀ ಕಾದ ಪಂದ್ಯ ಕೈತಪ್ಪೀತು. ತಪ್ಪಲಿ. ಸೋತು ಬಾ, ಆದರೆ ಎರಡೂ ಕಣ್ಣು ತೆಗೆದುಕೊಂಡು ಬಾ.

ಹೀಗೇಕಾಯಿತೆಂದು ನೀನು ಕೇಳುತ್ತೀಯ. ಈ ಸಲದ ಕೇಪುಗಳೇ ಯಾಕೋ ಸ್ವಲ್ಪ ದಪ್ಪ. ಗ್ಯಾರೇಜಿನ ಬಲ್ಬೂ ಮಂಕು.

ನಿನ್ನ ದಾರಿ ಕಾಯುತ್ತಿರುವ,
ಅಪ್ಪ

ಮರೆತ ಮಾತು: ಕೇಪುಗಳು ಸರಿಯಾಗಿಯೇ ಇವೆ, ಬಲ್ಬೂ ಅಷ್ಟೇ. ಫೆಬ್ರವರಿಯಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಒಂದೊಂದೇ ಬೆರಳಿಗೆ ಸೂಜಿ ತಾಗಿಸಿ ನೋಡಿದರು. ಹೆಬ್ಬೆರಳಿಗೆ ಯಾವಾಗ ಚುಚ್ಚುತ್ತೀರಿ ಎಂದು ಕೇಳಿದೆ. ಚುಚ್ಚಿ ಆಗಿತ್ತು.