ಗಡಿಯಾರದಜ್ಜನ ಆರು ನಾಣ್ಯ

ಭಾನುವಾರ, ನವೆಂಬರ್ ೧೭

ಪ್ರೀತಿಯ ಅಕ್ಕನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತವಳ ಕಿವಿ ಮೊದಲು ಹಿಂಡಿಬಿಡು, ಆಮೇಲೆ ಮುಂದಕ್ಕೆ ಓದು. ವಾರ್ಡಿನಲ್ಲಿ ಉಸಿರಾಡೋಕೂ ಬಿಡುವಿಲ್ಲ ಅಂತ ಹೇಳೋಣ ಅಂದರೆ, ನಿವೃತ್ತಿಯಾಗಿ ಆರು ವಾರವಾಯಿತು. ಆ ನೆಪವೂ ಈಗ ಕೈಯಲ್ಲಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ಜೀವಮಾನವಿಡೀ ರೋಗಿಗಳನ್ನು ಗದರಿಸಿದ ನಮ್ಮ ಹೆಡ್ ಸಿಸ್ಟರು ಈಗ ಮೊಮ್ಮಗಳ ಹಿಂದೆ ಮೂರು ಮಹಡಿ ಓಡುತ್ತೀಯಂತೆ. ನಿನ್ನ ಮಗಳೇ ಚಾಡಿ ಹೇಳಿದ್ದಾಳೆ.

ನನ್ನ ಬೀಳ್ಕೊಡುಗೆಗೆ ನೀನು ಬರಲಿಲ್ಲ ಅಂತ ಎಲ್ಲರಿಗೂ ಬೇಜಾರು. ದೊಡ್ಡ ಡಾಕ್ಟರು ಎಂದಿನಂತೆ ಮೈಕು ಹಿಡಿದವರು ಬಿಡಲಿಲ್ಲ. "ಈ ಸಿಸ್ಟರ್ ಒಂದು ದಿನವೂ ಕರ್ತವ್ಯ ತಪ್ಪಿದವರಲ್ಲ" ಅಂದರು. ಜೋರು ಚಪ್ಪಾಳೆ. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ನಾಚಿಕೆ ಸ್ವಭಾವ ಅಂದುಕೊಂಡರು.

ಕ್ವಾರ್ಟರ್ಸ್ ಖಾಲಿ ಮಾಡಿ ಲಾಂಡ್ರಿಯ ಮೇಲಿನ ರೂಮಿಗೆ ಬಂದಿದ್ದೇನೆ. ನೆಲ ಸದಾ ಬೆಚ್ಚಗಿರುತ್ತೆ, ಗೋಡೆಗೆಲ್ಲ ಇಸ್ತ್ರಿಯ ವಾಸನೆ. ಸಾಮಾನು ಕಟ್ಟುವಾಗ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಚರ್ಮದ ಚೀಲ ತೆಗೆದೆ. ಅದು ಅಲ್ಲಿರೋದು ಮರೆತಿರಲಿಲ್ಲ. ನಾಲ್ಕು ವರ್ಷದಿಂದ ಆ ಖಾನೆ ತೆಗೆಯೋದನ್ನೇ ಬಿಟ್ಟಿದ್ದೆ ಅಷ್ಟೆ.

ಅಕ್ಕಾ, ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಏಳನೇ ಮಂಚದ ಗಡಿಯಾರದಜ್ಜ ನೆನಪಿದ್ದಾರಾ? ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೂಗಿನಲ್ಲಿ ಆಕ್ಸಿಜನ್ ನಳಿಗೆ ಇದ್ದಾಗಲೇ "ನಿಮ್ಮ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ, ಸ್ಟೂಲ್ ತನ್ನಿ" ಅಂತ ನಿನ್ನ ಜೊತೆ ಜಗಳಕ್ಕೆ ನಿಂತವರು. ಅವರಿಗೆ ಹಳೇ ಚಿನ್ನದ ನಾಣ್ಯ ಕೂಡಿಡುವ ಹುಚ್ಚು. ಮನೆಯ ಬೀಗದ ಮೇಲೆ ನಂಬಿಕೆಯಿಲ್ಲದೆ, ಆಯ್ದ ಆರನ್ನು ಚೀಲಕ್ಕೆ ಹಾಕಿ ಆಸ್ಪತ್ರೆಗೇ ತಂದಿದ್ದರು. ಕುತ್ತಿಗೆಗೆ ಕಟ್ಟಲು ಯಾರೋ ತೂತು ಮಾಡಿದ್ದ ನಾಣ್ಯ ಒಂದು. ಇನ್ನೊಂದರಲ್ಲಿ ರಾಣಿಯ ಮೂಗು ಸವೆದು ಮುಖ ಚಪ್ಪಟೆಯಾಗಿತ್ತು. ಹೊಳೆಯೋದಕ್ಕಿಂತ ಸವೆದಿದ್ದೇ ಅವರಿಗೆ ಇಷ್ಟ. "ಎಷ್ಟು ಕೈ ದಾಟಿ ಬಂದಿದೆ ನೋಡು" ಅಂತ ನನ್ನ ಅಂಗೈಮೇಲಿಟ್ಟು ಬೆರಳು ಮಡಚುತ್ತಿದ್ದರು.

ತೀರಿಕೊಳ್ಳುವ ಹಿಂದಿನ ದಿನ ಆ ಚೀಲವನ್ನು ನನ್ನ ಏಪ್ರನ್ನಿನ ಜೇಬಿಗೆ ತುರುಕಿದರು. "ಮಗ ಬರಲಿಲ್ಲ. ಇವು ನಿನಗಿರಲಿ" ಅಂದರು. ಬೇಡ ಅಂದೆ, ಕೇಳಲಿಲ್ಲ. ಮರುದಿನ ನನಗೆ ರಜೆ. ಅದರ ಮರುದಿನ ಬಂದಾಗ ಏಳನೇ ಮಂಚಕ್ಕೆ ಹೊಸ ಚಾದರ ಹಾಸಿತ್ತು. ರೋಗಿಗಳಿಂದ ಒಂದು ಕಿತ್ತಳೆಹಣ್ಣನ್ನೂ ಮುಟ್ಟಬಾರದು ಅನ್ನುವವಳು ನೀನು. ಹೇಗೆ ಹೇಳಲಿ?

ಹೋದ ಗುರುವಾರ ಅವನ್ನು ಮಾರಿಬಿಡೋಣ ಅಂತ ಹಳೇ ನಾಣ್ಯದ ಅಂಗಡಿಗೆ ಹೋದೆ. ಬೆಲೆ ಎಷ್ಟು ಹೇಳಿದರೂ ಒಪ್ಪಿ, ಬಂದಷ್ಟನ್ನು ಆಸ್ಪತ್ರೆಯ ದೇಣಿಗೆ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳೋದು ಅಂತಿತ್ತು ಮನಸ್ಸಿನಲ್ಲಿ. ಕೊಡೆ ರಿಪೇರಿಯವನ ಪಕ್ಕದ, ಇಬ್ಬರು ನಿಂತರೆ ಮೂರನೆಯವನು ಹೊರಗೇ ಕಾಯಬೇಕಾದ ಅಂಗಡಿ. ಒಳಗೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ ದಪ್ಪನೆಯ ಮನುಷ್ಯ. ಮೊದಲ ಮೂರನ್ನು ತಕ್ಕಡಿಯಲ್ಲಿಟ್ಟು ತೂಗಿದ. ತೂತಿನ ನಾಣ್ಯ ಕೈಗೆತ್ತಿಕೊಂಡವನು ಮಸೂರ ತೆಗೆದು ನನ್ನ ಮುಖ ನೋಡಿದ.

"ಇದು ನಿಮಗೆಲ್ಲಿ ಸಿಕ್ತು, ಅಮ್ಮ?"

"ಒಬ್ಬರು ಕೊಟ್ಟರು."

"ಗಡಿಯಾರದ ಯಜಮಾನ್ರಾ? ಇದನ್ನ ಅವರಿಗೆ ಮಾರಿದ್ದು ನಾನೇ. ಅವರ ಮಗ ತಿಂಗಳಿಗೊಂದು ಸಲ ಬಂದು ಕೇಳ್ತಾನೆ, ಅಪ್ಪನ ನಾಣ್ಯ ಯಾರಾದ್ರೂ ತಂದ್ರಾ ಅಂತ. ಅಪ್ಪನ ಆಲ್ಬಮ್ಮಿನಲ್ಲಿ ಆರು ಗೂಡು ಖಾಲಿಯಂತೆ."

ಎದ್ದು ಬರಬಹುದಿತ್ತು. ಬರಲಿಲ್ಲ. ಅವನು ಫೋನ್ ಮಾಡೇಬಿಟ್ಟ. ಕಾಲು ಗಂಟೆಯಲ್ಲಿ ಮಗ ಬಂದ. ಲಿಫ್ಟ್ ಮೆಕ್ಯಾನಿಕ್ಕು, ನಲವತ್ತರ ಆಚೆಯ ವಯಸ್ಸು, ಮೊಣಕೈವರೆಗೆ ಗ್ರೀಸು. ಗಲ್ಲ ಥೇಟ್ ಅಪ್ಪನದೇ. ಕಳ್ಳಿಯನ್ನು ನೋಡಲು ಬಂದವನಂತೆ ಒಳಗೆ ಕಾಲಿಟ್ಟ, ನಾನು ವಾರ್ಡಿನ ನರ್ಸು ಅಂದ ತಕ್ಷಣ ಮೆತ್ತಗಾಗಿಬಿಟ್ಟ. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದುರಿನ ಸ್ಟೂಲಿನ ಮೇಲೆ ಕೂತ.

"ಸಿಸ್ಟರ್, ನನಗೂ ಅಪ್ಪನಿಗೂ ಎರಡು ವರ್ಷ ಮಾತಿರಲಿಲ್ಲ. ಅಂಗಡಿ ನಡೆಸು ಅಂದ್ರು, ನಾನು ಒಲ್ಲೆ ಅಂದೆ. ಅಷ್ಟಕ್ಕೇ. ಅವರು ಆಸ್ಪತ್ರೆ ಸೇರಿದ್ದೇ ನನಗೆ ಗೊತ್ತಿಲ್ಲ. ಅವರ ಮನೆ ಮಾಲೀಕರು ಹೇಗೋ ಹುಡುಕಿಕೊಂಡು ಬಂದು ಹೇಳಿದಾಗ ಎಲ್ಲ ಮುಗಿದು ಮೂರು ದಿನ ಆಗಿತ್ತು."

ನಾನು ತಕ್ಕಡಿಯನ್ನೇ ನೋಡುತ್ತಿದ್ದೆ.

"ಒಂದೇ ಒಂದು ಮಾತು ಕೇಳ್ತೀನಿ. ಅಪ್ಪ ನನ್ನನ್ನ ಕೇಳಿದ್ರಾ?"

"ಕೇಳಿದ್ರಪ್ಪ" ಅಂದೆ. "ಬಂದ ದಿನವೇ ನಿನ್ನ ನಂಬರು ಚೀಟಿಯಲ್ಲಿ ಬರೆದು ಕೊಟ್ರು. ದಿನಾ ಬೆಳಿಗ್ಗೆ ಕೇಳೋರು, ಮಗ ಏನಂದ ಅಂತ."

ಅವನು ಸ್ಟೂಲನ್ನು ಮುಂದಕ್ಕೆಳೆದುಕೊಂಡ. "ಮತ್ತೆ?"

ನೀನು ಆಗ ದಿನಾ ನನ್ನನ್ನು ಕೇಳುತ್ತಿದ್ದೆಯಲ್ಲ, ಮಗ ಸಿಕ್ಕಿದನಾ ಅಂತ? ನಿನಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. "ಎರಡು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ."

ಅವನು ಬೈಯಲಿಲ್ಲ. ಮೂರನೇ ಸಲ ಮಾಡಬೇಕಿತ್ತು ಅನ್ನಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು. "ಗೊತ್ತಿಲ್ಲದ ನಂಬರು ನಾನು ಎತ್ತೋದೇ ಇಲ್ಲ, ಸಿಸ್ಟರ್" ಅಂದ. "ಲಿಫ್ಟಿನ ಗುಂಡಿಯೊಳಗೆ ಇಳಿದಿದ್ರೆ ಕೇಳಿಸೋದೂ ಇಲ್ಲ. ಅಯ್ಯೋ, ನೀವು ಮಾಡಿದ್ದೀರಿ. ನೀವು ಎರಡೆರಡು ಸಲ ಮಾಡಿದ್ದೀರಿ." ಆ ಎಣ್ಣೆ ಕೈಯಲ್ಲೇ ಹಣೆ ಒತ್ತಿಕೊಂಡ. ಹುಬ್ಬಿನ ಮೇಲೆ ಕಪ್ಪು ಗೀಟು ಎದ್ದಿತು.

ಅಂಗಡಿಯವನು ತಕ್ಕಡಿ ಪಕ್ಕಕ್ಕೆ ಸರಿಸಿದ. ಆರೂ ನಾಣ್ಯವನ್ನು ಚೀಲಕ್ಕೆ ಹಾಕಿ ಮಗನ ಮುಂದಿಟ್ಟೆ. ಬೆಲೆ ಕೊಡುತ್ತೇನೆ ಅಂತ ಹಟ ಹಿಡಿದ. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ. ಕೊನೆಗೆ ಚೀಲ ಬಿಚ್ಚಿಯೂ ನೋಡದೆ ಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ತಿರುಗಿ, "ಅಪ್ಪನನ್ನ ಚೆನ್ನಾಗಿ ನೋಡಿಕೊಂಡ್ರಲ್ಲ, ನಿಮ್ಮ ಋಣ ದೊಡ್ಡದು" ಅಂದ.

ಕೊಡಬೇಕಾದವರಿಗೆ ಕೊಟ್ಟಾಯಿತು, ಇನ್ನು ನಿದ್ದೆ ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಶುಕ್ರವಾರ ಬಟ್ಟೆ ಒಗೆದೆ, ಒಗೆದಿದ್ದನ್ನೇ ಮತ್ತೆ ಒಗೆದೆ. ಕೆಳಗಿನ ಲಾಂಡ್ರಿಯಾಕೆ, "ಏನು ಸಿಸ್ಟರ್, ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರಾ" ಅಂತ ನಕ್ಕಳು. ನಾನೂ ನಕ್ಕೆ. ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಇರಲಿ. ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದೇನೆ. ಒಂದು ಮುಗಿದಿದೆ, ಇನ್ನೊಂದು ಹಿಮ್ಮಡಿಗೆ ಬಂದಿದೆ. ಮಗಳಿಗೂ ಅಳಿಯನಿಗೂ ನನ್ನ ನೆನಪು ಹೇಳು. ಮೊಮ್ಮಗಳ ಎರಡೂ ಕೆನ್ನೆಗೆ ನನ್ನ ಮುತ್ತು. ನೂರು ವರ್ಷ ನಗುನಗುತ್ತಾ ಬಾಳಲಿ ಆ ಪುಟ್ಟಿ. ನೀನು ಮಾತ್ರ ಮೆಟ್ಟಿಲು ಹತ್ತಬೇಡ.

ಎಂದೆಂದಿಗೂ ನಿನ್ನ
ಗುಬ್ಬಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ. ಅಕ್ಕಾ, ನಾನು ಫೋನ್ ಮಾಡಲೇ ಇಲ್ಲ. ಎರಡು ಸಲವೂ ಇಲ್ಲ, ಒಂದು ಸಲವೂ ಇಲ್ಲ. ಮೊದಲ ದಿನ ಪುರುಸೊತ್ತಾಗಲಿಲ್ಲ, ಅದು ನಿಜ. ಎರಡನೇ ದಿನ ಅವರ ದಿಂಬು ಸರಿಮಾಡುತ್ತಿದ್ದಾಗ "ಸಾಕು ಮಗಳೇ" ಅಂದರು. ಅನಾಥಾಲಯದಲ್ಲಿ ಬೆಳೆದವಳು ನಾನು. ನನ್ನನ್ನು ಹಾಗೆ ಅದುವರೆಗೆ ಯಾರೂ ಕರೆದಿರಲಿಲ್ಲ. ಮಗ ಬಂದರೆ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ ಅನ್ನಿಸಿತು. ಅಜ್ಜ ಚೇತರಿಸಿಕೊಳ್ಳುತ್ತಿದ್ದರು, ಇನ್ನೆರಡು ದಿನ ತಾನೇ ಅಂದುಕೊಂಡೆ. ಹಾಗೇ ಒಂಬತ್ತು ದಿನ. ಪ್ರತಿ ಬೆಳಿಗ್ಗೆ ಅವರ ಕಣ್ಣಲ್ಲಿ ಕಣ್ಣಿಟ್ಟು "ಎತ್ತುತ್ತಿಲ್ಲ ಅಜ್ಜ" ಅಂದೆ. ತೀರಿಕೊಂಡ ಮೇಲೂ ಮಾಡಲಿಲ್ಲ. ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ ಕೇಳಿದರೆ ಏನು ಹೇಳಲಿ? ಮಗನಿಗೆ ತಾನು ಬೇಡವಾದೆ ಅಂದುಕೊಂಡೇ ಆ ಜೀವ ಹೋಯಿತು. ಈಗ ಆ ಮಗ, ಬಾರದೇ ಇದ್ದ ಫೋನನ್ನು ಎತ್ತಲಿಲ್ಲ ಅಂತ ಎದೆ ಬಡಿದುಕೊಳ್ಳುತ್ತಿದ್ದಾನೆ. ನಾಳೆ ಅವನು ಕೆಲಸ ಮಾಡುವಲ್ಲಿಗೆ ಹೋಗಿ ಹೇಳುತ್ತೇನೆ. ನಿನಗೆ ಮೊದಲು ಬರೆದಿದ್ದೇಕೆ ಅಂದರೆ, ನಿನಗೆ ಗೊತ್ತಾದ ಮೇಲೆ ನಾನು ಹೋಗದೆ ಇರೋಕಾಗಲ್ಲ, ಅದಕ್ಕೆ.